ಗೇರ್‌ಬಾಕ್ಸ್ ಇಳಿಸುವ ಮುನ್ನ

ಇಪ್ಪತ್ತು ವರ್ಷ ದಾಟಿದ ಪೋರ್ಷೆ ಬಾಕ್ಸ್‌ಸ್ಟರ್ ಕೊಳ್ಳಲು ದೊಡ್ಡ ಸಿರಿವಂತಿಕೆಯೇನೂ ಬೇಕಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ನಾನು ಕೊಂಡಾಗ ಹತ್ತು ಹನ್ನೆರಡು ಸಾವಿರ ಡಾಲರಿಗೆ ಓಡುವ ಸ್ಥಿತಿಯ ಕಾರುಗಳು ಸಿಗುತ್ತಿದ್ದವು. ನಮ್ಮ ಬೀದಿಯಲ್ಲಿ ನಿಂತಿರುವ ಹೊಸ ಕೊರೊಲಾಗಳ ಬೆಲೆ ಅದಕ್ಕಿಂತ ಹೆಚ್ಚು. ಸಿರಿವಂತಿಕೆ ಬೇಕಾಗುವುದು ಕಾರು ಕೆಟ್ಟಾಗ. ಕಾರಿನ ಬೆಲೆ ಇಳಿದಿರುತ್ತದೆ, ಬಿಡಿಭಾಗಗಳ ಬೆಲೆ ಇಳಿದಿರುವುದಿಲ್ಲ, ಮೆಕ್ಯಾನಿಕ್ಕಿನ ಗಂಟೆಯ ದರವಂತೂ ವರ್ಷದಿಂದ ವರ್ಷಕ್ಕೆ ಏರಿರುತ್ತದೆ. ಒಂದೇ ಒಂದು ದೊಡ್ಡ ರಿಪೇರಿ ಕಾರಿನ ಅರ್ಧ ಬೆಲೆಯನ್ನು ನುಂಗಿಬಿಡುತ್ತದೆ. ಇಂಥ ಕಾರು ರಸ್ತೆಯಲ್ಲಿ ಉಳಿಯುತ್ತದೋ ಗುಜರಿ ಸೇರುತ್ತದೋ ಎಂಬುದನ್ನು ಬಹುಪಾಲು ಗ್ಯಾರೇಜೇ ತೀರ್ಮಾನಿಸುತ್ತದೆ.

ನನ್ನದು 2001ರ ಮಾದರಿ. 2.7 ಲೀಟರಿನ ಆರು ಸಿಲಿಂಡರ್ ಎಂಜಿನ್, ಐದು ಗೇರು, ಬೂದು ಬಣ್ಣ, ಮಡಚುವ ಬಟ್ಟೆಯ ಮೇಲ್ಛಾವಣಿ. ಸ್ಯಾನ್ ಹೋಸೆಯ ಹತ್ತಿರ ವಾಸ. ಭಾನುವಾರ ಬೆಳಿಗ್ಗೆ ಊರು ಏಳುವ ಮೊದಲು ಸಾಂತಾ ಕ್ರೂಜ್ ಬೆಟ್ಟಗಳ ನೆತ್ತಿಯ ಸ್ಕೈಲೈನ್ ಬುಲೆವಾರ್ಡಿನಲ್ಲಿ ಒಂದು ಸುತ್ತು ಹೋಗಿ ಬರುವುದು ಈ ಕಾರಿನ ಮುಖ್ಯ ಉದ್ಯೋಗ. ಎರಡು ವರ್ಷ ಅದು ತಕರಾರಿಲ್ಲದೆ ಓಡಿತು. ಆಮೇಲೆ ಕ್ಲಚ್ ಪೆಡಲ್ ದಿನೇ ದಿನೇ ಬಿಗಿಯಾಗತೊಡಗಿತು. ಅದರ ಬೆನ್ನಿಗೇ ಹೊಗೆ ಶುರುವಾಯಿತು.

ಈ ಎಂಜಿನ್ನಿನಲ್ಲಿ ಸಿಲಿಂಡರುಗಳು ನೆಟ್ಟಗೆ ನಿಂತಿಲ್ಲ, ಎಡಕ್ಕೆ ಮೂರು, ಬಲಕ್ಕೆ ಮೂರು ಅಡ್ಡಡ್ಡ ಮಲಗಿವೆ. ರಾತ್ರಿ ನಿಂತ ಕಾರಿನ ಸಿಲಿಂಡರಿನಲ್ಲಿ ಸ್ವಲ್ಪ ಆಯಿಲ್ ಉಳಿದು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಉಸಿರು ಹೊಗೆ ಬಂದರೆ ಅದಕ್ಕೆ ಗಾಬರಿಯಾಗಬೇಕಿಲ್ಲ. ನನ್ನ ಕಾರು ಬಿಟ್ಟದ್ದು ಅಂಥ ಹೊಗೆಯಾಗಿರಲಿಲ್ಲ. ಬಿಳಿ ಮೋಡದಂಥದ್ದು ರಸ್ತೆಯ ಆಚೆ ಬದಿಯವರೆಗೂ ಹರಡಿ, ಎದುರು ಮನೆಯವರು ನೀರಿನ ಪೈಪು ಹಿಡಿದು ಹೊರಗೆ ಬಂದರು.

ಬಾಕ್ಸ್‌ಸ್ಟರ್ ಇಟ್ಟುಕೊಂಡವರಿಗೆ ಇನ್ನೊಂದು ಕಷ್ಟವಿದೆ, ಎಂಜಿನ್ ಕಣ್ಣಿಗೆ ಬೀಳುವುದಿಲ್ಲ. ಮುಂದಿನ ಬಾನೆಟ್ ಎತ್ತಿದರೆ ಒಂದು ಡಿಕ್ಕಿ, ಹಿಂದೆ ಎತ್ತಿದರೆ ಇನ್ನೊಂದು ಡಿಕ್ಕಿ. ಎಂಜಿನ್ ಇರುವುದು ಸೀಟುಗಳ ಬೆನ್ನಿಗೆ, ಹಿಂದಿನ ಚಕ್ರಗಳ ಮುಂದೆ. ಆಯಿಲ್ ಮತ್ತು ಕೂಲಂಟ್ ಹಾಕುವ ಮುಚ್ಚಳಗಳಷ್ಟೇ ಹಿಂದಿನ ಡಿಕ್ಕಿಯ ಬದಿಯಲ್ಲಿವೆ. ಎಂಜಿನ್ನಿನ ತಲೆ ನೋಡಬೇಕೆಂದರೆ ಮೇಲ್ಛಾವಣಿಯನ್ನು ಅರ್ಧ ಎತ್ತಿ ನಿಲ್ಲಿಸಿ, ಕೆಳಗಿನ ಕಾರ್ಪೆಟ್ಟನ್ನೂ ಮುಚ್ಚಳವನ್ನೂ ತೆಗೆಯಬೇಕು. ಉಳಿದದ್ದೆಲ್ಲ ಕಾರನ್ನು ಲಿಫ್ಟಿಗೆ ಏರಿಸಿ ಕೆಳಗಿನಿಂದಲೇ. ಅಂದರೆ ಗ್ಯಾರೇಜಿನವರು ಏನು ಹೇಳಿದರೂ ಪಕ್ಕದಲ್ಲಿ ಬಗ್ಗಿ ನೋಡಿ ಹೌದೋ ಅಲ್ಲವೋ ಎನ್ನುವ ಅವಕಾಶ ಮಾಲೀಕನಿಗೆ ಇಲ್ಲ.

ಬೆಂಗಳೂರಿನಲ್ಲಿ ನಮ್ಮ ತಂದೆಯವರ ಪ್ರೀಮಿಯರ್ ಪದ್ಮಿನಿಗೆ ವಿಲ್ಸನ್ ಗಾರ್ಡನ್ನಿನಲ್ಲಿ ಒಬ್ಬ ಮೆಕ್ಯಾನಿಕ್ ಇದ್ದರು. ತಂದೆ ಅವರನ್ನು ನಂಬಿದ್ದರು ಎನ್ನುವುದಕ್ಕಿಂತ ಅವರ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು ಎನ್ನಬೇಕು. ಕಾರ್ಬ್ಯುರೇಟರ್ ಬಿಚ್ಚುವಾಗ ನೋಡುತ್ತಿದ್ದರು, ಬೇಕಾದ ಸಾಮಾನು ತರಲು ಜೆ.ಸಿ. ರಸ್ತೆಗೆ ತಾವೇ ಸ್ಕೂಟರಿನಲ್ಲಿ ಹೋಗುತ್ತಿದ್ದರು, ಹಳೆಯ ಭಾಗವನ್ನು ಕಾಗದದಲ್ಲಿ ಸುತ್ತಿ ಮನೆಗೆ ತರುತ್ತಿದ್ದರು. ಇಲ್ಲಿ ಅದು ನಡೆಯುವುದಿಲ್ಲ. ವಿಮೆಯ ಷರತ್ತು ತೋರಿಸಿ ಗ್ರಾಹಕರನ್ನು ಕೆಲಸದ ಜಾಗಕ್ಕೆ ಬಿಡುವುದೇ ಇಲ್ಲ. ಕೌಂಟರಿನ ಈಚೆ ನೀವು, ಆಚೆ ಅವರು, ನಡುವೆ ಒಂದು ಕಾಫಿ ಯಂತ್ರ.

ನಾನು ಮೊದಲು ಕಾರು ಒಯ್ದದ್ದು ಅಂಥ ಕಾಫಿ ಯಂತ್ರವಿದ್ದ, ಗಾಜಿನ ಗೋಡೆಯ ದೊಡ್ಡ ಸರ್ವಿಸ್ ಸೆಂಟರಿಗೆ. ಪರೀಕ್ಷೆಗೆಂದು ಮುನ್ನೂರು ಡಾಲರ್ ಕಟ್ಟಿದೆ. ಸಂಜೆ ಫೋನ್ ಬಂತು: ಎಂಜಿನ್ನಿನ ಒಳಗೆ ಹಾನಿಯಾಗಿರುವ ಸಂಭವವಿದೆ, ಬೇರೆ ಎಂಜಿನ್ ಹಾಕುವುದು ಸೂಕ್ತ, ಇಪ್ಪತ್ತು ಸಾವಿರಕ್ಕಿಂತ ಮೇಲಾಗಬಹುದು. ಏನೇನು ಪರೀಕ್ಷೆ ಮಾಡಿದಿರಿ ಎಂದು ಕೇಳಿದೆ. ನಮ್ಮ ಟೆಕ್ನಿಷಿಯನ್ನರಿಗೆ ಈ ಎಂಜಿನ್ನಿನ ಅನುಭವ ಬಹಳ ಇದೆ ಎಂಬ ಉತ್ತರ ಬಂತು. ಕೈಗೆ ಬಂದ ಕಾಗದದಲ್ಲಿ ಒಂದೇ ಒಂದು ಅಳತೆಯ ಅಂಕಿ ಇರಲಿಲ್ಲ. ಡಾಕ್ಟರು ಜ್ವರವನ್ನೂ ನೋಡದೆ ಆಪರೇಷನ್ ಎಂದರೆ ನಾವು ಎದ್ದು ಬರುತ್ತೇವೆ. ಕಾರಿನ ವಿಷಯದಲ್ಲಿ ಅದೇಕೋ ತಲೆಯಾಡಿಸಿ ಕೂರುತ್ತೇವೆ.

ಅಲ್ಲಿಂದ ಹೊರಬಿದ್ದ ಮೇಲೆ ಫೋನಿನಲ್ಲಿ ವಿಚಾರಿಸಲು ಶುರುಮಾಡಿದೆ. ಒಂದು ಕಡೆ ಕಾರಿನ ವರ್ಷ ಹೇಳಿ ಮುಗಿಸುವುದರೊಳಗೆ ಬೆಲೆ ಬಂತು: ಕ್ಲಚ್ಚು, ಬೇರಿಂಗು, ಸೀಲು, ಎಲ್ಲ ಸೇರಿ 2,200 ಡಾಲರ್, ಮೂರು ದಿನದಲ್ಲಿ ಕೊಡುತ್ತೇವೆ. ಕೇಳಲು ಹಿತವಾಗಿತ್ತು. ಎಂಜಿನ್ನಿಗೂ ಕ್ಲಚ್ಚಿಗೂ ನಡುವೆ ಇರುವ ಭಾರದ ಚಕ್ರ, ಫ್ಲೈವೀಲ್, ಅದನ್ನು ಏನು ಮಾಡುತ್ತೀರಿ ಎಂದೆ. ಲೇತಿಗೆ ಕೊಟ್ಟು ಮೇಲ್ಮೈ ಸಮ ಮಾಡಿಸಿ ಅದನ್ನೇ ಹಾಕುತ್ತೇವೆ ಎಂದರು. ಈ ಕಾರಿನಲ್ಲಿರುವುದು ಡ್ಯುಯಲ್ ಮಾಸ್ ಫ್ಲೈವೀಲ್. ಎರಡು ತಟ್ಟೆಗಳು, ನಡುವೆ ಕಂಪನ ಹೀರಲು ಸ್ಪ್ರಿಂಗಿನ ಏರ್ಪಾಟು. ಅದನ್ನು ಲೇತಿಗೆ ಕೊಡುವಂತಿಲ್ಲ. ತಿರುಚಿ ನೋಡಿದಾಗ ಅಳತೆಯೊಳಗೆ ಆಡಿದರೆ ಇಟ್ಟುಕೊಳ್ಳಬಹುದು, ಇಲ್ಲವಾದರೆ ಹೊಸದೇ ಹಾಕಬೇಕು. ಧನ್ಯವಾದ ಹೇಳಿ ಫೋನ್ ಇಟ್ಟೆ.

ಬೇರಿಂಗು ಎಂದೆನಲ್ಲ, ಅದರ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ಆ ಕಾಲದ ಬಾಕ್ಸ್‌ಸ್ಟರಿನಲ್ಲೂ ಪೋರ್ಷೆಯ ಸಾಮಾನ್ಯ 911 ಕಾರುಗಳಲ್ಲೂ ಇರುವುದು ಎಂ96 ಎಂಬ ಎಂಜಿನ್. ಅದರಲ್ಲಿ ಪಿಸ್ಟನ್ನುಗಳು ತಿರುಗಿಸುವ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟಿನ ಕೆಳಗೆ ಇಂಟರ್‌ಮೀಡಿಯೆಟ್ ಶಾಫ್ಟ್ ಎಂಬ ಇನ್ನೊಂದು ದಂಡವಿದೆ. ಕ್ರ್ಯಾಂಕಿನ ತಿರುಗಾಟವನ್ನು ಸರಪಳಿಗಳ ಮೂಲಕ, ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟುಗಳಿಗೆ ಮುಟ್ಟಿಸುವುದು ಅದರ ಕೆಲಸ. ಫ್ಲೈವೀಲ್ ಬದಿಯ ಅದರ ತುದಿ ಒಂದು ಸೀಲ್ ಮಾಡಿದ ಬಾಲ್ ಬೇರಿಂಗಿನ ಮೇಲೆ ಕೂತಿದೆ. ವರ್ಷ ಕಳೆದಂತೆ ಸೀಲು ಗಡುಸಾಗುತ್ತದೆ, ಒಳಗಿನ ಗ್ರೀಸು ತೊಳೆದುಹೋಗುತ್ತದೆ, ಬಳಸಿದ ಆಯಿಲ್ ಒಳಗೆ ನುಗ್ಗಿ ಅಲ್ಲೇ ನಿಲ್ಲುತ್ತದೆ. ಬೇರಿಂಗು ಚೂರಾದರೆ ವಾಲ್ವು ಮತ್ತು ಪಿಸ್ಟನ್ನುಗಳ ಹೊಂದಾಣಿಕೆ, ಅಂದರೆ ಟೈಮಿಂಗ್, ತಪ್ಪಿ ವಾಲ್ವುಗಳು ಪಿಸ್ಟನ್ನಿಗೆ ಬಡಿಯುತ್ತವೆ, ಅಲ್ಲಿಗೆ ಎಂಜಿನ್ ಕತೆ ಮುಗಿಯಿತು. ಎಲ್ಲ ಕಾರುಗಳಲ್ಲೂ ಹೀಗಾಗುವುದಿಲ್ಲ. ಲಕ್ಷ ಮೈಲಿ ದಾಟಿಯೂ ಮೂಲ ಬೇರಿಂಗಿನಲ್ಲೇ ಓಡುತ್ತಿರುವ ಕಾರುಗಳು ಎಷ್ಟೋ ಇವೆ. ಆದರೂ ಅಮೆರಿಕದಲ್ಲಿ ಇದರ ಮೇಲೆ ಸಾಮೂಹಿಕ ಮೊಕದ್ದಮೆ ನಡೆದು, 2001ರ ಮೇ ತಿಂಗಳಿಂದ 2005ರ ಫೆಬ್ರವರಿಯವರೆಗೆ ತಯಾರಾದ ಕಾರುಗಳ ಮಟ್ಟಿಗೆ ರಾಜಿಯಾಯಿತು. ನನ್ನದು ಅದಕ್ಕಿಂತ ಕೊಂಚ ಮೊದಲು ತಯಾರಾದದ್ದು. ಈ ಬೇರಿಂಗಿನ ಭಯವೇ ಈಗ ಒಂದು ವ್ಯಾಪಾರ. ಎಂ96 ಎಂದೊಡನೆ ಮುಖ ಗಂಭೀರ ಮಾಡಿಕೊಳ್ಳುವ ಗ್ಯಾರೇಜುಗಳು ಬೇಕಾದಷ್ಟಿವೆ.

ಬೇರಿಂಗು ಸಿಗಬೇಕಾದರೆ ಗೇರ್‌ಬಾಕ್ಸ್ ಇಳಿಸಬೇಕು, ಕ್ಲಚ್ ತೆಗೆಯಬೇಕು, ಫ್ಲೈವೀಲ್ ಬಿಚ್ಚಬೇಕು. ಆದ್ದರಿಂದ ಕ್ಲಚ್ ಬದಲಿಸುವಾಗಲೇ ಬೇರಿಂಗನ್ನೂ, ಕ್ರ್ಯಾಂಕಿನ ಹಿಂದಿನ ಸೀಲನ್ನೂ ಬದಲಿಸುವುದು ರೂಢಿ. ಕೂಲಿ ಒಂದೇ ಸಲ. ಈ ತರ್ಕ ಸರಿಯಾದದ್ದೇ. ಆದರೆ ಇದೇ ತರ್ಕ ಹಿಡಿದು ಗ್ಯಾರೇಜಿನವರು ಪಟ್ಟಿಯನ್ನು ಎಷ್ಟು ಉದ್ದ ಬೇಕಾದರೂ ಎಳೆಯಬಹುದು.

ಹಾಸನದ ಕಡೆಯ ನನ್ನ ಗೆಳೆಯನೊಬ್ಬ ಇಲ್ಲೇ ಫ್ರೀಮಾಂಟಿನಲ್ಲಿದ್ದಾನೆ, ಹಳೆಯ ಬಿಎಂಡಬ್ಲ್ಯು ಒಂದನ್ನು ಹಟ ಹಿಡಿದು ಓಡಿಸುತ್ತಾನೆ. ಅವನಿಗೆ ಗೋಳು ತೋಡಿಕೊಂಡಾಗ ಹೇಳಿದ: "ನೀನು ಎಲ್ಲರ ಹತ್ತಿರವೂ ಬೆಲೆ ಕೇಳುತ್ತಿದ್ದೀಯ. ಬೆಲೆ ಯಾರು ಬೇಕಾದರೂ ಹೇಳುತ್ತಾರೆ. ಕೆಲಸ ಹೇಗೆ ಮಾಡುತ್ತೀರಿ ಎಂದು ಕೇಳು, ಆಗ ಅರ್ಧ ಜನ ಫೋನ್ ಇಡುತ್ತಾರೆ." ಮಾತು ನಿಜವಾಯಿತು. ಕೆಲವರು ಸಿಡುಕಿದರು, ಕೆಲವರು ಕಾರು ತಂದು ಬಿಡಿ, ಆಮೇಲೆ ನೋಡೋಣ ಎಂದರು.

ನಾನು ಕೇಳುತ್ತಿದ್ದದ್ದು ಹೆಚ್ಚೇನಲ್ಲ. ನನ್ನ ಕಾರಿನಲ್ಲಿ ಯಾವ ಬೇರಿಂಗ್ ಇದೆ? ಹಳೆಯ ಎಂಜಿನ್ನುಗಳಲ್ಲಿ ಎರಡು ಸಾಲು ಗುಂಡುಗಳ ಗಟ್ಟಿ ಬೇರಿಂಗ್ ಇತ್ತು, ನಂತರ ಒಂದೇ ಸಾಲಿನದ್ದು ಬಂತು, 2000 ಮತ್ತು 2001ರ ಕಾರುಗಳಲ್ಲಿ ಎರಡೂ ಬೆರೆತಿವೆ. ಬೇರಿಂಗಿನ ಮುಚ್ಚಳವಾದ ಫ್ಲ್ಯಾಂಜ್ ಬಿಚ್ಚಿ ನೋಡುವವರೆಗೆ ಖಚಿತವಾಗಿ ಹೇಳಲು ಬರುವುದಿಲ್ಲ. ಫೋನಿನಲ್ಲೇ ಖಚಿತವಾಗಿ ಹೇಳಿದವರನ್ನು ಪಟ್ಟಿಯಿಂದ ಹೊಡೆದುಹಾಕಿದೆ. ಫ್ಲ್ಯಾಂಜ್ ತೆಗೆಯುವ ಮುನ್ನ ಎಂಜಿನ್ನನ್ನು ಹೇಗೆ ಬಿಗಿದು ನಿಲ್ಲಿಸುತ್ತೀರಿ? ಕ್ರ್ಯಾಂಕಿಗೆ ಪಿನ್ನು ಹಾಕಿ, ಕ್ಯಾಮುಗಳನ್ನು ಬಂಧಿಸಿ, ಸರಪಳಿಯ ಟೆನ್ಷನರುಗಳನ್ನು ಸಡಿಲಿಸಿಕೊಳ್ಳಬೇಕು. ಇಲ್ಲದಿದ್ದರೆ ಶಾಫ್ಟು ಪಕ್ಕಕ್ಕೆ ಸರಿದು ಟೈಮಿಂಗ್ ಜಾರುವ ಅಪಾಯವಿದೆ. ಇನ್ನೊಂದು ಪ್ರಶ್ನೆ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿತ್ತು: ಯಾವ ಸಂದರ್ಭದಲ್ಲಿ ಈ ಕೆಲಸವನ್ನು ನೀವು ಮಾಡುವುದಿಲ್ಲ? ಬೇರಿಂಗು ಈಗಾಗಲೇ ಸವೆದು ಲೋಹದ ಪುಡಿ ಎಂಜಿನ್ ತುಂಬ ಸುತ್ತಿದ್ದರೆ ಹೊಸ ಬೇರಿಂಗ್ ಹಾಕುವುದು ದುಡ್ಡು ದಂಡ. ಆ ಪುಡಿಯೇ ಹೊಸದನ್ನೂ ತಿನ್ನುತ್ತದೆ. ಇದು ಗೊತ್ತಿರುವ ಮೆಕ್ಯಾನಿಕ್ ಮೊದಲು ಆಯಿಲ್ ಫಿಲ್ಟರ್ ನೋಡುತ್ತಾನೆ, ಆಮೇಲೆ ದುಡ್ಡಿನ ಮಾತಾಡುತ್ತಾನೆ. "ಮಾಡುವುದಿಲ್ಲ ಎಂದರೆ ಏನರ್ಥ? ನೀವು ದುಡ್ಡು ಕೊಟ್ಟರೆ ಮಾಡುತ್ತೇವೆ" ಎಂದ ಒಬ್ಬರ ದನಿ ಇನ್ನೂ ಕಿವಿಯಲ್ಲಿದೆ.

ಕೊನೆಗೆ ಸಿಕ್ಕಿದ ಗ್ಯಾರೇಜಿನ ಸುಳಿವು ಬಂದದ್ದು ಒಂದು ಪಾರ್ಕಿಂಗ್ ಮೈದಾನದಿಂದ. ಪೋರ್ಷೆ ಕ್ಲಬ್ ಆಫ್ ಅಮೆರಿಕ ಎಂಬುದು 1955ರಿಂದ ಇರುವ ಮಾಲೀಕರ ಸಂಘ, ನಮ್ಮ ಭಾಗದಲ್ಲಿ ಅದಕ್ಕೆ ಗೋಲ್ಡನ್ ಗೇಟ್ ಶಾಖೆ ಇದೆ. ಖಾಲಿ ಮೈದಾನದಲ್ಲಿ ಕಿತ್ತಳೆ ಬಣ್ಣದ ಕೋನುಗಳನ್ನು ನೆಟ್ಟು ಒಬ್ಬೊಬ್ಬರಾಗಿ ಗಡಿಯಾರದ ಎದುರು ಓಡಿಸುವ ಆಟೊಕ್ರಾಸ್ ನಡೆಸುತ್ತಾರೆ. ನಾನು ಹೋದದ್ದು ಓಡಿಸಲಿಕ್ಕಲ್ಲ, ಮಾತು ಕೇಳಲಿಕ್ಕೆ. ಹೊಚ್ಚ ಹೊಸ 911 ತಂದವರನ್ನು ಬಿಟ್ಟು, ಬಾಗಿಲ ಬಣ್ಣ ಮಾಸಿದ, ಟೈರು ಮಾತ್ರ ಹೊಸದಾಗಿರುವ ಹಳೆಯ ಕಾರಿನವರನ್ನೇ ಹುಡುಕಿ ಮಾತಾಡಿಸಿದೆ. ಇವರು ಕಾರನ್ನು ಹಿಂಡುವವರು, ಆಗಾಗ ಕೆಡಿಸಿಕೊಳ್ಳುವವರು, ಯಾರು ಸರಿಯಾಗಿ ಕಟ್ಟಿಕೊಡುತ್ತಾರೆ ಎಂಬುದು ಇವರಿಗೆ ಗೊತ್ತಿರಲೇಬೇಕು. ಪರಸ್ಪರ ಪರಿಚಯವಿಲ್ಲದವರ ಬಾಯಲ್ಲೂ ಒಂದೇ ಗ್ಯಾರೇಜಿನ ಮಾತು ಬಂತು. ಜೊತೆಗೆ ದೂರೂ ಬಂತು: ಬೇಗ ಜಾಗ ಸಿಗುವುದಿಲ್ಲ, ಆತನ ಮಾತು ಒರಟು, ಕಾರ್ಡಿಗಿಂತ ಚೆಕ್ ಇಷ್ಟಪಡುತ್ತಾರೆ. ಬರೀ ಹೊಗಳಿಕೆಗಿಂತ ಇಂಥ ದೂರುಗಳ ಮೇಲೆ ನನಗೆ ವಿಶ್ವಾಸ ಹೆಚ್ಚು.

ಹೋಗುವ ಮೊದಲು ಒಂದು ಸರ್ಕಾರಿ ಕೆಲಸ ಮುಗಿಸಿಕೊಂಡೆ. ಕ್ಯಾಲಿಫೋರ್ನಿಯಾದಲ್ಲಿ ಕಾರು ರಿಪೇರಿಗೆ 1971ರಲ್ಲೇ ಒಂದು ಕಾನೂನು ಬಂದಿದೆ, ಅದನ್ನು ನೋಡಿಕೊಳ್ಳಲು ಬ್ಯೂರೊ ಆಫ್ ಆಟೊಮೋಟಿವ್ ರಿಪೇರ್ ಎಂಬ ಇಲಾಖೆ ಇದೆ. ದುಡ್ಡು ಪಡೆದು ರಿಪೇರಿ ಮಾಡುವ ಗ್ಯಾರೇಜು ಅಲ್ಲಿ ನೋಂದಣಿ ಮಾಡಿಸಿರಬೇಕು. ನೋಂದಣಿ ಚಾಲ್ತಿಯಲ್ಲಿದೆಯೇ, ಶಿಸ್ತುಕ್ರಮ ಏನಾದರೂ ಆಗಿದೆಯೇ ಎಂಬುದನ್ನು ಮನೆಯಲ್ಲೇ ಕೂತು ನೋಡಬಹುದು. ಕೆಲಸ ಶುರುಮಾಡುವ ಮುನ್ನ ಲಿಖಿತ ಅಂದಾಜು ಪಟ್ಟಿ ಕೊಡಬೇಕು, ಗ್ರಾಹಕರ ಒಪ್ಪಿಗೆಯಿಲ್ಲದೆ ಅದನ್ನು ಮೀರುವಂತಿಲ್ಲ, ಬಿಲ್ಲಿನಲ್ಲಿ ಕೂಲಿ ಮತ್ತು ಬಿಡಿಭಾಗ ಬೇರೆ ಬೇರೆ ತೋರಿಸಬೇಕು. ಇನ್ನೊಂದು ಹಕ್ಕು ಬಹಳ ಜನರ ಗಮನಕ್ಕೇ ಬರುವುದಿಲ್ಲ: ಮೊದಲೇ ಕೇಳಿದ್ದರೆ ತೆಗೆದ ಹಳೆಯ ಭಾಗಗಳನ್ನು ಹಿಂದಿರುಗಿಸಬೇಕು. ಕಂಪನಿಗೆ ವಾಪಸ್ ಹೋಗಬೇಕಾದ ಭಾಗವಾದರೆ ಕನಿಷ್ಠ ತೋರಿಸಬೇಕು. ನಮ್ಮ ತಂದೆ ಕಾಗದದಲ್ಲಿ ಸುತ್ತಿ ತರುತ್ತಿದ್ದದ್ದನ್ನು ಇಲ್ಲಿ ಶಾಸನವೇ ಮಾಡಿಟ್ಟಿದ್ದಾರೆ.

ಗ್ಯಾರೇಜು ಹೇವರ್ಡಿನ ಕೈಗಾರಿಕಾ ಬಡಾವಣೆಯ ಒಂದು ಗಲ್ಲಿಯಲ್ಲಿತ್ತು. ಬೋರ್ಡು ಚಿಕ್ಕದು. ಫೋನ್ ಎತ್ತಿದವರು ಯಜಮಾನರೇ. ಬೆಲೆ ಕೇಳಿದ್ದಕ್ಕೆ, "ಕಾರು ನೋಡದೆ ಬೆಲೆ ಹೇಳಲಾರೆ. ನನ್ನ ಗಂಟೆಯ ದರ 195 ಡಾಲರ್, ಅದನ್ನು ಹೇಳಬಲ್ಲೆ" ಎಂದರು. ಯಾವ ಬೇರಿಂಗ್ ಎಂದು ಕೇಳಿದೆ. "2001 ಅಲ್ಲವೇ? ಬಿಚ್ಚಿದ ಮೇಲೆ ಗೊತ್ತಾಗುತ್ತದೆ." ಯಾವಾಗ ಮಾಡುವುದಿಲ್ಲ ಎಂದು ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಫಿಲ್ಟರಿನಲ್ಲಿ ಲೋಹ ಕಂಡರೆ ನಾನು ಮುಟ್ಟುವುದಿಲ್ಲ. ನಿಮಗೆ ಇದನ್ನು ಯಾರು ಹೇಳಿಕೊಟ್ಟರು?" ಎಂದು ನಕ್ಕರು. ಐದು ವಾರದ ನಂತರದ ದಿನ ಕೊಟ್ಟರು. ಅಲ್ಲಿಯವರೆಗೆ ಕಾರು ಸ್ಟಾರ್ಟ್ ಮಾಡಬೇಡಿ, ಟ್ರಕ್ಕಿನ ಮೇಲೆ ಹಾಕಿಸಿಕೊಂಡು ಬನ್ನಿ ಎಂದೂ ಹೇಳಿದರು. ನಮ್ಮ ಮನೆಯ ಗ್ಯಾರೇಜಿನಲ್ಲಿ ಕಾರು ಧೂಳು ತಿನ್ನುತ್ತ ನಿಂತಿತು, ಹೆಂಡತಿ ಅದರ ಮುಂದಿನ ಡಿಕ್ಕಿಯ ಮೇಲೆ ಹಪ್ಪಳದ ತಟ್ಟೆ ಇಡುವಷ್ಟರ ಮಟ್ಟಿಗೆ ಅದು ಪೀಠೋಪಕರಣವಾಯಿತು.

ಪರೀಕ್ಷೆಯ ದಿನ ಅವರು ಮಾಡಿದ ಮೊದಲ ಕೆಲಸ ನನ್ನ ಮುನ್ನೂರು ಡಾಲರನ್ನು ನೆನಪಿಸಿ ಹೊಟ್ಟೆ ಉರಿಸಿತು. ಎಂಜಿನ್ ಓಡುತ್ತಿರುವಾಗ ಹಿಂದಿನ ಡಿಕ್ಕಿಯಲ್ಲಿರುವ ಆಯಿಲ್ ಮುಚ್ಚಳ ತೆಗೆಯಲು ಹೇಳಿದರು. ಒಳಗಿನಿಂದ ಯಾರೋ ಹಿಡಿದೆಳೆಯುತ್ತಿರುವಂತೆ ಅದು ಬಿಡಲೊಲ್ಲದು. ಆಮೇಲೆ ಅವರು ಮಾಪಕ ಜೋಡಿಸಿದರು. ನೀರನ್ನು ಎಷ್ಟು ಎತ್ತರಕ್ಕೆ ಎಳೆಯುತ್ತದೆ ಎಂಬ ಲೆಕ್ಕದಲ್ಲಿ ಐದು ಇಂಚಿನ ಆಸುಪಾಸು ಇರಬೇಕಾದ ಸೆಳೆತ ಮಾಪಕದ ಕೊನೆಯ ಗೆರೆಗೆ ಹೋಗಿ ನಿಂತಿತು. ಏರ್ ಆಯಿಲ್ ಸಪರೇಟರ್ ಎಂಬ ಪ್ಲಾಸ್ಟಿಕ್ ಡಬ್ಬಿಯೊಂದು ಇದೆ. ಎಂಜಿನ್ನಿನ ಒಳಗಿನ ಆವಿಯಿಂದ ಆಯಿಲನ್ನು ಬೇರ್ಪಡಿಸಿ ಆವಿಯನ್ನಷ್ಟೇ ಮತ್ತೆ ಉರಿಯಲು ಕಳಿಸುವುದು ಅದರ ಕೆಲಸ. ಅದರೊಳಗಿನ ರಬ್ಬರ್ ಪರದೆ ಹರಿದರೆ ಆಯಿಲ್ ನೇರ ಸಿಲಿಂಡರಿಗೆ ಹೀರಿಕೊಂಡು ಬೆಂದು ಬಿಳಿ ಹೊಗೆಯಾಗುತ್ತದೆ. ವಯಸ್ಸಾದ ಬಾಕ್ಸ್‌ಸ್ಟರುಗಳಲ್ಲಿ ಇದು ತೀರಾ ಸಾಮಾನ್ಯ. ಇಪ್ಪತ್ತು ಸಾವಿರ ಡಾಲರಿನ ಎಂಜಿನ್ ಸಾವಿಗೆ ಕಾರಣ ಒಂದು ರಬ್ಬರ್ ಚರ್ಮ.

ಅಷ್ಟಕ್ಕೇ ಅವರು ನಿಲ್ಲಿಸಲಿಲ್ಲ. "ಹೊಗೆ ಇದರಿಂದ ಬಂದಿದೆ ಎಂದರೆ ಎಂಜಿನ್ ಚೆನ್ನಾಗಿದೆ ಎಂದು ಅರ್ಥವಲ್ಲ" ಎಂದು ಲ್ಯಾಪ್‌ಟಾಪ್ ಜೋಡಿಸಿ ಎರಡೂ ಬದಿಯ ಕ್ಯಾಮುಗಳ ಓರೆ ಎಷ್ಟು ಡಿಗ್ರಿ ಎಂದು ನೋಡಿದರು. ಆರು ಡಿಗ್ರಿಯೊಳಗೆ ಇರಬೇಕು, ಇತ್ತು. ಪ್ಲಗ್ಗು ತೆಗೆದು ಒಂದೊಂದೇ ಸಿಲಿಂಡರಿಗೆ ಗಾಳಿ ತುಂಬಿ ಎಷ್ಟು ಸೋರುತ್ತದೆ ಎಂದು ಅಳೆದರು. ಆಯಿಲ್ ಮುಚ್ಚಳದಲ್ಲಿ ಸುಯ್ ಎಂದರೆ ಪಿಸ್ಟನ್ ರಿಂಗು, ಸೈಲೆನ್ಸರಿನಲ್ಲಿ ಸುಯ್ ಎಂದರೆ ಎಕ್ಸಾಸ್ಟ್ ವಾಲ್ವು ಎಂದು ಪಾಠವನ್ನೂ ಹೇಳಿದರು. ಆರೂ ಸಿಲಿಂಡರಿನ ಅಂಕಿಯನ್ನು ಕಾಗದದಲ್ಲಿ ಬರೆದರು. ಎಲ್ಲವೂ ಹತ್ತು ಪ್ರತಿಶತದೊಳಗೆ ಇದ್ದವು. ಕೊನೆಗೆ ಆಯಿಲ್ ಫಿಲ್ಟರು. ಮಡಿಕೆ ಮಡಿಕೆಯಾದ ಆ ಕಾಗದವನ್ನು ಕತ್ತರಿಸಿ ಬಿಳಿ ಟ್ರೇಯ ಮೇಲೆ ಹಾಸಿ, ಟಾರ್ಚು ಹಿಡಿದು, ಆಯಸ್ಕಾಂತ ಆಡಿಸಿದರು. ಸರಪಳಿ ಉಜ್ಜುವ ಪಟ್ಟಿಯಿಂದ ಬಂದ ಕಂದು ಪ್ಲಾಸ್ಟಿಕ್ ಚೂರು ಒಂದೆರಡು ಸಿಕ್ಕವು, ಈ ವಯಸ್ಸಿಗೆ ಸಹಜ ಎಂದರು. ಹೊಳೆಯುವ ಚೂರು ಇರಲಿಲ್ಲ.

ಅಂದಾಜು ಪಟ್ಟಿ ಎರಡು ದಿನ ಬಿಟ್ಟು ಬಂತು. ಕ್ಲಚ್, ಬೇರಿಂಗ್, ಕ್ರ್ಯಾಂಕಿನ ಹಿಂದಿನ ಸೀಲ್, ಸಪರೇಟರ್, ಆಯಿಲ್, ಪ್ರತಿ ಸಲವೂ ಹೊಸದಾಗಿಯೇ ಹಾಕಬೇಕಾದ ಫ್ಲೈವೀಲ್ ಬೋಲ್ಟುಗಳು: ಒಟ್ಟು 4,800 ಡಾಲರ್. ಬೇರಿಂಗಿನ ಮುಂದೆ ಎರಡು ಬೆಲೆ ಇದ್ದವು, ಒಂದೇ ಸಾಲಿನದ್ದಾದರೆ ಇಷ್ಟು, ಎರಡು ಸಾಲಿನದ್ದಾದರೆ ಇಷ್ಟು. ನಾನೇ ಕೇಳಿದೆ, ವಾಟರ್ ಪಂಪನ್ನೂ ಈಗಲೇ ಬದಲಿಸಿಬಿಡೋಣವೇ ಎಂದು. ಹಲವು ಕಡೆ ಅದನ್ನು ಸೇರಿಸಿಯೇ ಹೇಳಿದ್ದರು. ಇವರು ಬೇಡವೆಂದು ತಲೆಯಾಡಿಸಿದರು. ಪಂಪು ಇರುವುದು ಎಂಜಿನ್ನಿನ ಇನ್ನೊಂದು ತುದಿಯಲ್ಲಿ, ಸೀಟಿನ ಹಿಂದೆ. ಗೇರ್‌ಬಾಕ್ಸ್ ಇಳಿಸಿದರೆ ಅದರ ಕೆಲಸವೇನೂ ಹಗುರಾಗುವುದಿಲ್ಲ. "ಕೂಲಿ ಉಳಿಯುವುದಿಲ್ಲ. ಸೋರುತ್ತಿಲ್ಲ, ಸದ್ದಿಲ್ಲ. ಮುಂದಿನ ವರ್ಷ ನೋಡೋಣ." ಸಪರೇಟರ್ ವಿಷಯದಲ್ಲಿ ಉಲ್ಟಾ. ಗೇರ್‌ಬಾಕ್ಸ್ ಕೆಳಗಿದ್ದಾಗ ಅದಕ್ಕೆ ಕೈ ಸುಲಭವಾಗಿ ಹೋಗುತ್ತದೆ, ಹಾಗಾಗಿ ಅದರ ಕೂಲಿಯನ್ನು ಅರ್ಧ ಮಾಡಿದ್ದರು. ನಾನು ಸಹಿ ಹಾಕಿದ್ದು ಈ ಎರಡು ಸಂಗತಿಗಳನ್ನು ನೋಡಿ. ಅದೇ ಕಾಗದದಲ್ಲಿ ಹಳೆಯ ಭಾಗಗಳು ಬೇಕು ಎಂದು ಬರೆಸಿದೆ. "ಬರೆಯದಿದ್ದರೂ ಕೊಡುತ್ತಿದ್ದೆ, ನನ್ನ ಕಸದ ಡಬ್ಬಿ ಚಿಕ್ಕದು" ಎಂದರು.

ವಾರದ ನಡುವೆ ಫೋನ್ ಬಂತು. ಫ್ಲೈವೀಲ್ ಕೈಯಲ್ಲಿ ತಿರುಚಿದರೆ ಅಳತೆ ಮೀರಿ ಆಡುತ್ತಿದೆ, ಹೊಸದಕ್ಕೆ 900 ಡಾಲರ್, ಹಾಕಲೋ ಬೇಡವೋ ಎಂದರು. ಹಾಕಿ ಎಂದೆ. ನಾನು ಒಪ್ಪಿದ ದಿನ, ಗಂಟೆ, ನನ್ನ ಹೆಸರು, ಫೋನ್ ಸಂಖ್ಯೆಯನ್ನು ಅವರು ಕಾಗದದಲ್ಲಿ ದಾಖಲಿಸಿದ್ದನ್ನು ಆಮೇಲೆ ನೋಡಿದೆ, ಕಾನೂನು ಹೇಳುವುದೂ ಹಾಗೆಯೇ. ಫೋನ್ ಇಡುವ ಮುನ್ನ, "ನಾಳೆ ಫ್ಲ್ಯಾಂಜ್ ಬಿಚ್ಚುತ್ತೇನೆ. ನೋಡಬೇಕೆಂದರೆ ಹತ್ತು ಗಂಟೆಗೆ ಬನ್ನಿ, ಹಳದಿ ಗೆರೆಯ ಆಚೆ ನಿಲ್ಲಬೇಕು" ಎಂದರು. ಕಚೇರಿಗೆ ರಜೆ ಹಾಕಿದೆ. ಮ್ಯಾನೇಜರರಿಗೆ ಕಾರಣ ಹೇಳಲು ಸಂಕೋಚವಾಗಿ ವೈಯಕ್ತಿಕ ಕೆಲಸ ಎಂದೆ.

ನನ್ನ ಕಾರಿನ ಕೆಳಗೆ ನಿಂತು ಮೇಲೆ ನೋಡಿದ್ದು ಅದೇ ಮೊದಲು. ಗೇರ್‌ಬಾಕ್ಸ್ ಪಕ್ಕದಲ್ಲಿ ಜಾಕಿನ ಮೇಲೆ ಕೂತಿತ್ತು. ಕ್ಲಚ್ ತಟ್ಟೆ ಬೆಂಚಿನ ಮೇಲಿತ್ತು, ರಿವೆಟ್ಟುಗಳು ಮೇಲ್ಮೈಗೆ ಬರಲು ಕೂದಲೆಳೆಯಷ್ಟು ಬಾಕಿ. ಎಂಜಿನ್ನಿನ ಹಿಂಬದಿ ಬೆತ್ತಲಾಗಿ ಕಾಣುತ್ತಿತ್ತು: ಮೇಲೆ ಕ್ರ್ಯಾಂಕಿನ ದೊಡ್ಡ ಸೀಲು, ಅದರ ಸುತ್ತ ಆಯಿಲಿನ ಮಬ್ಬು, ಕೆಳಗೆ ಮೂರು ಬೋಲ್ಟಿನ ಚಿಕ್ಕ ಫ್ಲ್ಯಾಂಜು. ಇಷ್ಟು ಚಿಕ್ಕ ಮುಚ್ಚಳದ ಹಿಂದೆ ಇಷ್ಟು ದೊಡ್ಡ ಭಯ. ಕ್ರ್ಯಾಂಕ್ ಪುಲ್ಲಿಗೆ ಪಿನ್ನು ಹಾಕಿದ್ದನ್ನು, ಕ್ಯಾಮಿಗೆ ಬಿಗಿದ ಸಾಧನವನ್ನು, ಕಳಚಿಟ್ಟ ಟೆನ್ಷನರುಗಳನ್ನು ಬೆರಳು ತೋರಿಸಿ ಎಣಿಸಿ ಹೇಳಿದರು. ನನಗಾಗಿ ಹೇಳಿದ್ದಲ್ಲ, ಪ್ರತಿ ಸಲವೂ ಹೀಗೆ ಬಾಯಿಬಿಟ್ಟು ಹೇಳಿಕೊಂಡೇ ಮುಂದೆ ಹೋಗುವುದಂತೆ. ಫ್ಲ್ಯಾಂಜ್ ಬಂತು, ಒಂದಿಷ್ಟು ಕಪ್ಪು ಆಯಿಲ್ ತಟ್ಟೆಗೆ ತೊಟ್ಟಿಕ್ಕಿತು. ಟಾರ್ಚು ಬಿಟ್ಟರು. ಬೇರಿಂಗಿನ ಅಂಚಿನಲ್ಲಿ ಬಳೆಯಂಥ ಸ್ನ್ಯಾಪ್ ರಿಂಗ್ ಕಾಣಲಿಲ್ಲ. "ಒಂದೇ ಸಾಲು" ಎಂದರು.

ಎಳೆಯುವ ಸಾಧನ ಕಚ್ಚಿಸಿ ನಿಧಾನವಾಗಿ ತಿರುಗಿಸಿದಾಗ ಬೇರಿಂಗು ಕಟಕ್ ಎಂದು ಈಚೆ ಬಂತು. ಒರೆಸಿ ನನ್ನ ಕೈಗೆ ಕೊಟ್ಟರು. ಸೀಲು ಗಟ್ಟಿಯಾಗಿತ್ತು, ಅದನ್ನು ಎಬ್ಬಿಸಿದರೆ ಒಳಗೆ ಗ್ರೀಸೆಂಬುದು ಇಲ್ಲವೇ ಇಲ್ಲ, ನೀರಾದ ಕಪ್ಪು ಆಯಿಲ್ ಮಾತ್ರ. ಗುಂಡುಗಳು ಇನ್ನೂ ಹೊಳೆಯುತ್ತಿದ್ದವು. ಹೊರ ಬಳೆ ಹಿಡಿದು ಅಲ್ಲಾಡಿಸಿದರೆ ಸೂಕ್ಷ್ಮವಾಗಿ ಆಡುತ್ತಿತ್ತು, ಅಥವಾ ಆಡುತ್ತಿದೆ ಎಂದು ನನಗೆ ಅನಿಸಿತು. ಇನ್ನೆಷ್ಟು ಕಾಲ ಬಾಳುತ್ತಿತ್ತು ಎಂದು ಕೇಳಿದೆ. "ನನಗೆ ಗೊತ್ತಿಲ್ಲ. ಇನ್ನೂ ಐವತ್ತು ಸಾವಿರ ಮೈಲಿ ಓಡುತ್ತಿತ್ತೋ ಏನೋ." ಐದು ಸಾವಿರದ ಏಳುನೂರು ಡಾಲರ್ ತೆತ್ತು ನಿಂತವನಿಗೆ ಹೇಳುವ ಮಾತೇ ಇದು? ಸರಿಯಾದ ಹೊತ್ತಿಗೆ ಬಂದಿರಿ, ಇನ್ನೊಂದು ವಾರ ತಡವಾಗಿದ್ದರೆ ಎಂಜಿನ್ ಹೋಗುತ್ತಿತ್ತು ಎಂದು ಹೇಳಿದ್ದರೆ ನನಗೂ ಖುಷಿ, ಅವರಿಗೂ ಲಾಭ. ಅವರು ಹೇಳಲಿಲ್ಲ.

ಕಾರು ಕೈಗೆ ಬಂದ ಮೇಲೆ ಮೈಸೂರಿನಲ್ಲಿರುವ ಅಮ್ಮನಿಗೆ ಫೋನಿನಲ್ಲಿ ಸುದ್ದಿ ಹೇಳಿದೆ. ಅಮ್ಮ ಡಾಲರನ್ನು ರೂಪಾಯಿ ಮಾಡುವುದರಲ್ಲಿ ಬ್ಯಾಂಕಿನವರಿಗಿಂತ ಚುರುಕು. "ಅಷ್ಟು ದುಡ್ಡಿಗೆ ಇಲ್ಲಿ ಹೊಸ ಆಲ್ಟೊವೇ ಬರುತ್ತದಲ್ಲೋ" ಎಂದರು. ಬರುತ್ತದೆ. ವಾದಿಸಲಿಲ್ಲ.

ಬಿಲ್ಲು ಅಂದಾಜಿಗೆ ಫ್ಲೈವೀಲಿನ ದುಡ್ಡು ಸೇರಿಸಿದಷ್ಟೇ ಆಗಿತ್ತು. ಜೊತೆಗೆ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಕ್ಲಚ್ಚು, ಬೇರಿಂಗು, ಸೀಲು, ರಬ್ಬರ್ ಹರಿದ ಸಪರೇಟರ್. ಬಿಲ್ಲಿನ ಕೊನೆಯಲ್ಲಿ ಕೈಬರಹದ ಟಿಪ್ಪಣಿ: ತಣ್ಣಗಿದ್ದಾಗ ಎಡಬದಿಯಲ್ಲಿ ಟಿಕ್ ಟಿಕ್ ಸದ್ದಿದೆ, ಬಿಸಿಯಾದ ಮೇಲೆ ನಿಲ್ಲುತ್ತದೆ, ಸದ್ಯಕ್ಕೆ ಏನೂ ಮಾಡಬೇಕಿಲ್ಲ. ಐನೂರು ಮೈಲಿ ಓಡಿಸಿ ಬನ್ನಿ, ಫಿಲ್ಟರ್ ಮತ್ತೆ ಬಿಚ್ಚಿ ನೋಡೋಣ, ಅದಕ್ಕೆ ಕೂಲಿಯಿಲ್ಲ.

ಸ್ಮಾಗ್ ಪರೀಕ್ಷೆಯ, ಅಂದರೆ ಹೊಗೆಮಾಲಿನ್ಯ ತಪಾಸಣೆಯ, ಸರದಿ ಅದೇ ತಿಂಗಳು ಬಂದಿತ್ತು. ಇಲ್ಲಿ ಎರಡು ವರ್ಷಕ್ಕೊಮ್ಮೆ ಅದು ಕಡ್ಡಾಯ. 2000 ಮತ್ತು ನಂತರದ ಪೆಟ್ರೋಲ್ ಕಾರುಗಳಿಗೆ ಹೊಗೆಕೊಳವೆಗೆ ನಳಿಕೆ ತೂರಿಸುವುದಿಲ್ಲ, ಕಾರಿನ ಕಂಪ್ಯೂಟರನ್ನೇ ಓದುತ್ತಾರೆ. ರಿಪೇರಿಗೆಂದು ಬ್ಯಾಟರಿ ಕಳಚಿದರೆ ಕಂಪ್ಯೂಟರಿನ ನೆನಪು ಅಳಿಸಿ, ಅದರ ಸ್ವಪರೀಕ್ಷೆಗಳು ಮತ್ತೆ ಪೂರ್ತಿಯಾಗುವವರೆಗೆ ಓಡಿಸಬೇಕಾಗುತ್ತದೆ. ಇದನ್ನೂ ಅವರು ಮುಂಚೆಯೇ ಹೇಳಿದ್ದರಿಂದ ಫಿಲ್ಟರ್ ನೋಡಿಸುವ ಐನೂರು ಮೈಲಿ ಮುಗಿಸಿದ ನಂತರವೇ ಪರೀಕ್ಷೆಗೆ ಹೋದೆ. ಫಿಲ್ಟರಿನಲ್ಲಿ ಏನೂ ಇರಲಿಲ್ಲ, ಸ್ಮಾಗ್ ಪಾಸಾಯಿತು.

ಈಗ ಬೇರೆ ಕತೆ. 2002ರವರೆಗಿನ ಬಾಕ್ಸ್‌ಸ್ಟರುಗಳ ಮೇಲ್ಛಾವಣಿಯಲ್ಲಿ ಹಿಂದಿನ ಕಿಟಕಿ ಗಾಜಿನದ್ದಲ್ಲ, ಪ್ಲಾಸ್ಟಿಕ್ಕಿನದ್ದು. ನನ್ನದು ಹಳದಿಯಾಗಿ, ಮಡಚುವ ಜಾಗದಲ್ಲಿ ಬೆರಳುದ್ದ ಸೀಳಿದೆ. ಹೇವರ್ಡಿನವರಿಗೆ ತೋರಿಸಿದೆ. ನೋಡಿ, ಇದು ನನ್ನ ಕೆಲಸವಲ್ಲ ಎಂದು ಒಂದೇ ಮಾತಿನಲ್ಲಿ ಮುಗಿಸಿ, ಸೀಟು ಮತ್ತು ಮೇಲ್ಛಾವಣಿ ಹೊಲಿಯುವ ಒಬ್ಬರ ಸಂಖ್ಯೆಯನ್ನು ಬಿಲ್ಲಿನ ಹಿಂಭಾಗದಲ್ಲಿ ಬರೆದುಕೊಟ್ಟರು. ನಿನ್ನೆ ಅವರಿಗೆ ಫೋನ್ ಮಾಡಿದೆ. ಕಿಟಕಿಯೊಂದನ್ನೇ ಹೊಲಿಯುತ್ತೀರೋ, ಇಡೀ ಬಟ್ಟೆಯನ್ನೇ ಬದಲಿಸಬೇಕೆನ್ನುತ್ತೀರೋ ಎಂದು ಕೇಳಿದೆ. ತಂದು ತೋರಿಸಿ, ಬಟ್ಟೆ ಎಷ್ಟು ಗಟ್ಟಿ ಇದೆ ನೋಡಿ ಹೇಳುತ್ತೇನೆ ಎಂದರು. ಶನಿವಾರ ಹೋಗುತ್ತಿದ್ದೇನೆ.